ಅವ್ವ ಉಸಿರು ತಗೊಳ್ಳುವ ಜಾಗ

ರಜಾಕಾರರ ಗಲಾಟೆ ತಣ್ಣಗಾದ ಮೇಲೆ ಶಹಾಬಾದಕ್ಕೆ ಮತ್ತೆ ನಾಟಕ ಕಂಪನಿ ಬಂತು. ನಮ್ಮ ಮನೆಯ ಹಿಂದೆಯೇ ತಗಡಿನ ಥೇಟರು. ಕಾನ್ವೆಂಟಿಗೆ ರಜೆ ಇದ್ದಾಗ ನಾನು ಮಧ್ಯಾಹ್ನದ ತಾಲೀಮು ನೋಡಲು ಹೋಗುತ್ತಿದ್ದೆ.

ಹಾರ್ಮೋನಿಯಂ ನುಡಿಸುವ ಪೆಟಗಿ ಮಾಸ್ತರು ಕಂಪನಿ ಮಾಲಕರ ಮಗ, ಪರದೆಯ ಹಿಂದೆಯೇ ಬೆಳೆದವರು. ಕಂಪನಿಯ ನಾಯಕಿಯಾಗಿದ್ದ ಅವರ ತಾಯಿ ದಮ್ಮಿನ ಕಾಯಿಲೆಯಿಂದ ತೀರಿಕೊಂಡು ವರ್ಷವಾಗಿತ್ತು. ಮಾಸ್ತರು ಮೊದಲ ಸಲ ಒಂದು ಹಾಡಿಗೆ ಸ್ವಂತ ಚಾಲ, ಅಂದರೆ ಧಾಟಿ, ಕಟ್ಟಿದ್ದರು. ಪಲ್ಲವಿಯ ನಡುವೆ ಪ್ರತಿ ಸಲವೂ ಕೈ ಎತ್ತಿ, "ತಡೀರಿ, ಇಲ್ಲಿ ಅವ್ವ ಉಸರು ತಗೋತಾಳ" ಎನ್ನುತ್ತಿದ್ದರು.

ಹೊಸ ನಾಯಕಿಗೆ ಅದು ಸೇರಲಿಲ್ಲ. "ನನಗೇನ ದಮ್ಮ ಅದ ಏನ್ರಿ ಮಾಸ್ತರ? ಹಾಡಾಕಿ ನಾನು, ನಿಮ್ಮವ್ವ ಅಲ್ಲ."

ಮುಂದಿನ ಖುರ್ಚಿಯಲ್ಲಿದ್ದ ಮಾಲಕರೂ, "ಖರೇ ಅದ. ಹಾಡ ಮರ್ತಾಳಂತ ಮಂದಿ ಸೀಟಿ ಹೊಡೀತಾರ. ಹಳೀ ಚಾಲೇ ಇರಲಿ ಬಿಡು" ಎಂದರು.

"ಒಂದು ಸಲ ಪೂರಾ ಕೇಳ್ರಿ ಅಪ್ಪಾ, ಆಮ್ಯಾಲ ಬಿಡ್ರಿ."

ಆಕೆ ಬೇಸರದಿಂದಲೇ ಹಾಡಿ, ಆ ಜಾಗಕ್ಕೆ ಬಂದು ಹಾಡು ನಿಲ್ಲಿಸಿದಳು. ಮಾಸ್ತರು ಪೆಟಗಿಯ ತಿದಿ ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು. ಆ ಬಿಸಿಲಿಗೂ ತಗಡು ಸದ್ದು ಮಾಡಲಿಲ್ಲ. ಆಗ ಯಾರೋ ಕಷ್ಟಪಟ್ಟು, ಸಣ್ಣಗೆ ಸುಯ್ ಎನ್ನುತ್ತ ಉಸಿರೆಳೆದದ್ದು ನಮಗೆಲ್ಲ ಕೇಳಿಸಿತು. ನಾಯಕಿಯಲ್ಲ, ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮಾಸ್ತರು ಏನೂ ಆಗದವರಂತೆ ಮುಂದಿನ ಸಾಲು ಹಿಡಿದರು.

ಮಾಲಕರು ಹಾಡು ಮುಗಿದ ಮೇಲೆ, "ಇದೇ ಚಾಲ ಇರಲಿ" ಎಂದು, ಪಕ್ಕದ ಖಾಲಿ ಖುರ್ಚಿಯ ಮೇಲಿಟ್ಟಿದ್ದ ತಮ್ಮ ರುಮಾಲನ್ನು ಯಾರಿಗೋ ಜಾಗ ಬಿಡುವವರಂತೆ ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.