ಕಟ್ಟು ಬಿಚ್ಚಿ ನೋಡುವ ಕಂಡಕ್ಟರ್

ಕುರ್ಚಿ ಹಾಕಿದರೂ ಕಂಡಕ್ಟರ್ ಕೂರುತ್ತಿರಲಿಲ್ಲ. ಕಾಲು ಅಗಲಿಸಿ, ಬಾಗಿಲ ಚೌಕಟ್ಟಿಗೆ ಸೊಂಟ ಒತ್ತಿ, ನಮ್ಮ ಮನೆಯ ನೆಲವೇ ಈಗ ಎಡಕ್ಕೆ ತಿರುಗುತ್ತದೆ ಎಂಬಂತೆ ನಿಲ್ಲುತ್ತಿದ್ದರು. ಈಗಲೂ ಅವರು ನನ್ನ ಕಣ್ಣಿಗೆ ಕಟ್ಟುವುದು ಖಾಕಿ ಅಂಗಿಯಲ್ಲೇ. ಅದು ಸುಳ್ಳು. ನಾನು ಕೊಪ್ಪದ ಈ ಬೀದಿಗೆ ಬಾಡಿಗೆಗೆ ಬರುವ ಹೊತ್ತಿಗೆ ಅವರು ಬಸ್ಸಿನ ಕೆಲಸ ಬಿಟ್ಟಾಗಿತ್ತು. ಖಾಕಿ ತೊಡಿಸಿದ್ದು ನಾನು. ನೆನಪಿಗೆ ಇಂಥ ಚಾಳಿಯಿದೆ.

ಬಸ್ಸು ಓಡಿಸುವ ಒಂದು ಕಂಪ್ಯೂಟರ್ ಆಟಕ್ಕೆ ನಾನು ಕೊಪ್ಪದಿಂದ ಎನ್.ಆರ್. ಪುರಕ್ಕೆ ಹೋಗುವ ದಾರಿಯನ್ನು ಕಟ್ಟಿ ಸೇರಿಸಿದ್ದೆ. ಆ ಆಟದ ಒಳಗು ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ತಮ್ಮ ಊರನ್ನು ಅದಕ್ಕೆ ಜೋಡಿಸಬಹುದು. ಇಂಥ ಜೋಡಣೆಯನ್ನು ಮಾಡ್ ಎನ್ನುತ್ತಾರೆ. ಕಟ್ಟುವುದು ಖುಷಿ. ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯಿರುವ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅದನ್ನು ಕೂರಿಸುವುದು ನರಕ: ಈ ಫೋಲ್ಡರು ಇಲ್ಲಿ, ಆ ಫೈಲು ಅಲ್ಲಿ, ನಡುವೆ ಕಪ್ಪು ಪರದೆಯಲ್ಲಿ ತಪ್ಪಿಲ್ಲದೆ ಟೈಪು ಮಾಡಬೇಕಾದ ಸಾಲುಗಳು.

ಕಂಡಕ್ಟರ್ ನೋಡಿದ ಕೂಡಲೇ ಅಂದರು: "ಇದು ನಮ್ಮ ಡ್ರೈವರಿಗೆ ಬೇಕು ಮಾರಾಯ್ತಿ."

ಅವರ ಬಸ್ಸಿನ ಹಳೆಯ ಡ್ರೈವರ್ ಎನ್.ಆರ್. ಪುರದ ಕಡೆಯ ಕಡಹಿನಬೈಲಿನಲ್ಲಿದ್ದರು. ಲಕ್ವ ಹೊಡೆದು ಎಡಗೈ, ಎಡಗಾಲು ಹೋಗಿದ್ದವು. ಯಾರೊಂದಿಗೂ ಮಾತಿಲ್ಲ, ಗೋಡೆಗೆ ಮುಖ ಮಾಡಿ ಮಲಗಿರುತ್ತಾರೆ ಎಂದರು. ಆ ಮನೆಯ ಹಳೆಯ ಲ್ಯಾಪ್‌ಟಾಪ್ ತರಿಸಿ ಲಿನಕ್ಸನ್ನೂ ಮೂಲ ಆಟವನ್ನೂ ಹಾಕಿದೆ. ಮಾಡನ್ನೂ ಸೇರಿಸಿಬಿಡುತ್ತೇನೆ ಎಂದರೆ ಕಂಡಕ್ಟರ್ ಒಪ್ಪಲಿಲ್ಲ.

"ಎಲ್ಲಾ ಬೇರೆಯವ್ರೇ ಮಾಡ್ತಿದಾರೆ ಅವನಿಗೆ. ಅನ್ನ ಕಲಸೋದೂ. ಇದೊಂದಾದ್ರೂ ಅವನೇ ಹಾಕ್ಕೊಳ್ಲಿ."

ಹಾಗಾಗಿ, ಒಂದು ಸಲ ಒತ್ತಿದರೆ ಎಲ್ಲವೂ ತಾನೇ ಕೂರುವಂಥ ಪುಟ್ಟ ಪ್ರೋಗ್ರಾಮ್ ಬರೆದು, ಎಲ್ಲ ಫೈಲುಗಳನ್ನೂ ಸೇರಿಸಿ ಒಂದೇ ಫೈಲಿನ ಕಟ್ಟು ಮಾಡಿ ಕೊಟ್ಟೆ. ನಾನೇ ಲಿನಕ್ಸ್ ಹಾಕಿಕೊಟ್ಟಿದ್ದ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಕಂಡಕ್ಟರ್ ಅದನ್ನು ಪೆನ್‌ಡ್ರೈವಿಗೆ ಹಾಕಿ ಬಸ್ಸಿನಲ್ಲಿ ಕಳಿಸಿದರು. ಒತ್ತಿದರೆ ಏನೂ ಆಗಲಿಲ್ಲವಂತೆ. ನನ್ನಲ್ಲಿ ಸರಿಯಾಗಿ ಓಡುತ್ತಿತ್ತು. ತಿದ್ದಿ ಕಳಿಸಿದೆ. ಏನೂ ಆಗಲಿಲ್ಲ. ಮತ್ತೆ ತಿದ್ದಿದೆ.

"ಎಂತ, ಓದಿದ್ದು ಸಾಕಾಗ್ಲಿಲ್ವಾ?" ಬಾಗಿಲಿಂದ ಕಂಡಕ್ಟರ್. "ಅವನು ಮತ್ತೆ ಗೋಡೆ ಕಡೆ ತಿರುಗಿದಾನೆ."

ರೇಗಿ ಪೆನ್‌ಡ್ರೈವ್ ವಾಪಸ್ ತರಿಸಿದೆ. ನಾನು ಕಟ್ಟಿದ ಕಟ್ಟೇ ಅದರಲ್ಲಿಲ್ಲ! ಫೈಲುಗಳೆಲ್ಲ ಬಿಡಿಬಿಡಿ.

"ಯಾರು ಬಿಚ್ಚಿದ್ದು ಕಂಡಕ್ಟರೇ?"

"ನಾನೇ. ಒಳಗೆಂತ ಉಂಟು ನೋಡ್ದೆ ನಾನು ಯಾವತ್ತೂ ಪಾರ್ಸೆಲ್ ಹಾಕ್ಕೊಂಡೋನಲ್ಲ. ಒಂದ್ಸಲ ಹಾಕ್ಕೊಂಡೆ, ಬಸ್ಸೊಳಗೆಲ್ಲ ಜೇನುಹುಳ! ನಿನ್ನದ್ರಲ್ಲಿ ಒಂದೂ ಬೀಳ್ಸಿಲ್ಲ, ನೋಡ್ಕೋ."

ಬೀಳಿಸಿದ್ದರು. ಬಿಚ್ಚಿ ಸುರಿದಾಗ ಪ್ರೋಗ್ರಾಮಿನ ಜೊತೆಗಿದ್ದ 'ಇದನ್ನು ಓಡಿಸಬಹುದು' ಎಂಬ ಅನುಮತಿ ಆ ಬಗೆಯ ಪೆನ್‌ಡ್ರೈವಿನಲ್ಲಿ ಉಳಿಯದೆ ಕಳೆದುಹೋಗುತ್ತಿತ್ತು. ಅದಿಲ್ಲದಿದ್ದರೆ ಲಿನಕ್ಸ್ ಜಪ್ಪಯ್ಯ ಎಂದರೂ ಓಡಿಸುವುದಿಲ್ಲ. ವಿವರಿಸಿದೆ. ಬಿಚ್ಚಬೇಡಿ ಎಂದು ಬೇಡಿಕೊಂಡೆ. ತಲೆಯಾಡಿಸಿದರು. ಮತ್ತೆ ಬಿಚ್ಚಿದರು.

ಅವರನ್ನು ತಿದ್ದುವ ಆಸೆ ಬಿಟ್ಟೆ. ಬಿಚ್ಚಿ ಹಾಕಿದರೂ ಅನುಮತಿ ಉಳಿಯುವಂತೆ, ಪೆನ್‌ಡ್ರೈವನ್ನೇ ಅಳಿಸಿ ಲಿನಕ್ಸಿನ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ ಕೊಟ್ಟೆ. ಮರುದಿನ ಡ್ರೈವರೇ ಫೋನು ಮಾಡಿದರು. ಹಲೋ ಕೂಡ ಇಲ್ಲ.

"ಸೇತುವೆ ದಾಟಿದ ಮೇಲಿನ ತಿರುವು ಎಂತಕ್ಕೆ ಅಷ್ಟು ಸಲೀಸು ಮಾಡಿದ್ದು? ಯಾರು ಹೇಳಿದ್ದು, ಆ ಕಂಡಕ್ಟರಾ? ಅವನು ಹಿಂದೆ ನಿಂತು ಹರಟೆ ಹೊಡೀತಿದ್ದ, ದಾರಿ ಯಾವಾಗ ನೋಡಿದ್ದ?"

ಇದನ್ನು ಹೇಳಿದಾಗ ಕಂಡಕ್ಟರ್ ನಕ್ಕರೋ, ಕಣ್ಣೊರೆಸಿಕೊಂಡರೋ? ಎರಡೂ ಚೆನ್ನಾಗಿ ಹೊಂದುತ್ತವೆ. ಅದಕ್ಕೇ ಎರಡನ್ನೂ ನಂಬುವುದಿಲ್ಲ. ಅವರು ಅಂದದ್ದು ಮಾತ್ರ ಖಚಿತ: "ಅಂತೂ ನಿನ್ನ ತಪ್ಪು ನೀನೇ ತಿದ್ಕೊಂಡ್ಯಲ್ಲ!" ನಾನು ಹಲ್ಲು ಕಚ್ಚಿದೆ.

ಹೋದ ವರ್ಷ ಎದೆನೋವೆಂದು ಶಿವಮೊಗ್ಗಕ್ಕೆ ಕರೆದೊಯ್ಯುವಾಗ ಕಂಡಕ್ಟರ್ ದಾರಿಯಲ್ಲೇ ತೀರಿಹೋದರು. ಅಂತ್ಯಕ್ರಿಯೆಗೆ ಡ್ರೈವರಿಗೆ ಬರಲಾಗಲಿಲ್ಲ. ಸಂಜೆ ಅವರ ಫೋನು ಬಂತು.

"ಆ ತಿರುವು ಇನ್ನೂ ಹಾಗೇ ಉಂಟಲ್ಲ."

"ಬಂದು ಸರಿ ಮಾಡಿಕೊಡ್ತೀನಿ."

"ಬರೋದು ಬೇಡ. ಕಳ್ಸು. ನಾನೇ ಹಾಕ್ಕೊತೀನಿ."

ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಕಂಡಕ್ಟರ್, ಡ್ರೈವರ್ ಇಬ್ಬರ ಮೇಲೂ ಸಿಟ್ಟು ಬಂತು. ತಿರುವು ತಿದ್ದಲು ಕೂತೆ.