ಹೆಸರು ಕೂಗಿ ನೋಡುತ್ತಿದ್ದವಳು

ಬಾಣಾವರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವಳು ಬಸುರಿಯಾಗಿದ್ದಾಗ ಮೊಬೈಲಿನಲ್ಲಿ ಗಂಡುಮಕ್ಕಳ ಹೊಸ ಹೊಸ ಹೆಸರು ಹುಡುಕುತ್ತಿದ್ದಳು. ಸಿಕ್ಕಿದ್ದನ್ನು ಹಿತ್ತಿಲ ಬಾಗಿಲಿಗೆ ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು, ತೆಂಗಿನ ತೋಟದ ಕಡೆಗೆ ಕೂಗುವಳು. “ತುಹಿನಾ! ಊಟಕ್ಕೆ ಬಾರೋ!” ಆಮೇಲೆ ನನ್ನತ್ತ ತಿರುಗಿ, “ತುಹಿನ ಅಂದ್ರೆ ಹಿಮ. ಹೆಸರು ಕೂಗಿ ನೋಡ್ಬೇಕು ಕಣೇ,” ಎನ್ನುವಳು. ದಿನವೂ ಅದೇ ಮಾತು.

ಹಿಂದೆ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಅದಕ್ಕೇ ಅವಳ ಅತ್ತೆ, “ಈ ಸಲ ತಿಪ್ಪ ಅಂತ ಇಡು. ಸಾವು ಹೇಸ್ಕೊಂಡು ಹೋಯ್ತದೆ,” ಎನ್ನುತ್ತಿದ್ದರು. “ನನ್ನ ಮಗನ್ನ ತಿಪ್ಪೆ ಅನ್ನಾಕಿಲ್ಲ,” ಎಂದು ಇವಳು ಒಳಗೆ ನಡೆಯುತ್ತಿದ್ದಳು.

ಗಂಡೇ ಹುಟ್ಟಿತು. ನಾಮಕರಣಕ್ಕೆ ಮೊದಲೇ ಉಸಿರಾಟದ ತೊಂದರೆಯಾಗಿ ಅರಸೀಕೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡಿತು.

ಮಣ್ಣಿಗೆ ಕೊಂಡೊಯ್ಯಲು ಗಂಡಸರು ಜಗಲಿಯ ಮುಂದೆ ನಿಂತಾಗ ಅವಳು ಮಡಿಲಿನ ಕೂಸನ್ನು ಬಿಡಲಿಲ್ಲ. “ಹೆಸರಿಟ್ಟು ಕೊಡ್ತೀನಿ,” ಎಂದಳು.

“ಹೋದ ಕೂಸಿಗೆ ಹೆಸರ್ಯಾಕವ್ವಾ?” ಎಂದರು ಹಿರಿಯರೊಬ್ಬರು.

“ಅಳಾಕಾದ್ರೂ ಒಂದು ಹೆಸರು ಬೇಕಲ್ಲ.”

ಅತ್ತೆ ಬಂದು ಪಕ್ಕದಲ್ಲಿ ಕೂತು, “ಏನಂತ ಇಡಾನೆ?” ಎಂದು ಕೇಳಿದರು.

“ಪ್ರಾಂಶು.”

“ಅಂಗಂದ್ರೆ?”

“ಎತ್ತರದೋನು, ಅತ್ತೆ.”

ಅತ್ತೆ ಬಟ್ಟೆ ಸರಿಸಿ, ಆ ಪುಟ್ಟ ಮೈಯ ಮೇಲೆ ಬಗ್ಗಿ, ಕಿವಿಯ ಹತ್ತಿರ ಬಾಯಿಟ್ಟು, “ಪರಾಂಸು,” ಎಂದರು. ನಾಲಿಗೆ ಹೊರಳಲಿಲ್ಲ. ಮತ್ತೆ ಹೇಳಿದರು. ಸರಿಯಾಗಿ ಬರುವವರೆಗೂ ಹೇಳಿದರು. ಗಂಡಸರು ಕಾದರು.