ವಾದ್ಯದ ಮೇಲೆ ಕಾಲು

ಚಿಕ್ಕಂದಿನಲ್ಲಿ ಅಪ್ಪನ ತಬಲಕ್ಕೆ ನನ್ನ ಕಾಲು ತಾಗಿದ್ದು ಒಂದೇ ಸಲ. ಊರಿನ ನಾಟಕಗಳಿಗೆ ತಬಲ ಬಾರಿಸುತ್ತಿದ್ದ ಅಪ್ಪ ಅಂದು ಕಪಾಳಕ್ಕೆ ಬಿಟ್ಟ ಏಟಿಗೆ ಹಲ್ಲೊಂದು ಅಲುಗಿತು. ಆಮೇಲೆ ಮೂರು ಸಲ ತಬಲ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುವಂತೆ ಮಾಡಿದ. ಸಿಂಧಘಟ್ಟದ ನಮ್ಮ ಮನೆಯಲ್ಲಿ ವಾದ್ಯವೆಂದರೆ ದೇವರು.

ತೊಂಬತ್ತರ ದಶಕದಲ್ಲಿ, ನನಗೆ ಇಪ್ಪತ್ತೆರಡಾಗಿದ್ದಾಗ, ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಡ್ರಮ್ಸ್ ಕಲಿಯಲು ಹೋಗುತ್ತಿದ್ದೆ. ಕಲಿಸುತ್ತಿದ್ದವರು ಆರ್ಕೆಸ್ಟ್ರಾ ನಡೆಸುತ್ತಿದ್ದ ಮೇಷ್ಟ್ರು. ಲಾರಿ ಗುದ್ದಿ ಅವರ ಎಡಗಾಲು ಸೊಟ್ಟಗಾಗಿತ್ತು, ಪೆಡಲು ತುಳಿಯಲು ಆಗುತ್ತಿರಲಿಲ್ಲ. ಬರುವ ಭಾನುವಾರ ಪಾಂಡವಪುರದ ಮದುವೆಗೆ ಅವರಿಗೊಬ್ಬ ಡ್ರಮ್ಮರ್ ಬೇಕಿತ್ತು. ಆ ಜಾಗದಲ್ಲಿ ಬೇರೆ ಯಾರೋ ಕೂರುವುದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ನನ್ನನ್ನು ಸತಾಯಿಸಿದ್ದು ಹೈ-ಹ್ಯಾಟು. ಒಂದರ ಮೇಲೊಂದು ಕೂತ ಎರಡು ಹಿತ್ತಾಳೆ ತಟ್ಟೆ; ಎಡಗಾಲಲ್ಲಿ ಪೆಡಲು ಒತ್ತಿದರೆ ಬಾಯಿ ಮುಚ್ಚುತ್ತವೆ, ಆಗ ಸ್ಟಿಕ್ಕು ಬಿದ್ದರೆ ‘ಚಿಕ್’ ಎನ್ನಬೇಕು. ನಾನು ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ಕೂರುತ್ತಿದ್ದೆ. ತುಳಿಯಲು ಮಾತ್ರ ಧೈರ್ಯ ಬರುತ್ತಿರಲಿಲ್ಲ. ಕಾಲ್ಬೆರಳ ತುದಿ ಸೋಕಿಸುತ್ತಿದ್ದೆ ಅಷ್ಟೆ. ತಟ್ಟೆಗಳು ಅರೆಬಾಯಿ ತೆರೆದು ‘ಛಸ್ಸ್’ ಎನ್ನುತ್ತಿದ್ದವು. ಒಂದೊಂದು ‘ಛಸ್ಸ್’ಗೂ ಮೇಷ್ಟ್ರ ಸ್ಟಿಕ್ಕು ನನ್ನ ಕಾಲಿನ ಹರಡಿಗೆ ಬೀಳುತ್ತಿತ್ತು.

“ತುಳಿ ಕಣ್ಲಾ.”

“ವಾದ್ಯ ಅಲ್ವಾ ಮೇಷ್ಟ್ರೇ, ಕಾಲಿಕ್ಕೋದೆಂಗೆ?”

“ಪೂಜೆ ಮಾಡೋದಾದ್ರೆ ಮನೇಲಿ ಮಾಡ್ಕೊ ಓಗ್ಲಾ.”

ವಾರವಿಡೀ ಇದೇ. ಹರಡು ಊದಿ ಬದನೆಕಾಯಿಯಾಯಿತು. ಶನಿವಾರ ಅದೇ ಊತದ ಮೇಲೆ ಬಾರಿಸಿ, “ನಿಮ್ಮಪ್ಪನೂ ತಬಲಾವ ಇಂಗೇ ಸವರ್ತಿದ್ನೇನ್ಲಾ? ನಾಳೆ ಬೇರೆಯೋನ್ನ ಕರ್ಕೊಂಡೋಯ್ತೀನಿ ಬುಡು” ಎಂದರು.

ಅಪ್ಪ ಸತ್ತು ವರ್ಷ ತುಂಬಿರಲಿಲ್ಲ. ಸ್ಟಿಕ್ಕು ಕಿತ್ತುಕೊಂಡು ಅವರ ಮುಖಕ್ಕೆ ಬೀಸಿದೆ. ಹುಬ್ಬು ಸೀಳಿ ರಕ್ತ ಶರ್ಟಿಗಿಳಿಯಿತು. ಕೊಲ್ಲುವಷ್ಟು ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಇನ್ನೊಂದಕ್ಕೆ ಕೈ ಎತ್ತಿದವನು, ಅವರ ಸೊಟ್ಟ ಕಾಲು ನಡುಗುವುದನ್ನು ಕಂಡು, ಆ ಏಟನ್ನು ತಟ್ಟೆಗೆ ಹಾಕಿದೆ. ಎಡಗಾಲು ಹಾವಿನ ತಲೆ ಜಜ್ಜುವಂತೆ ಪೆಡಲನ್ನು ತುಳಿದಿತ್ತು.

ಚಿಕ್. ಮತ್ತೆ ಹೊಡೆದೆ. ಚಿಕ್, ಚಿಕ್.

ಮೇಷ್ಟ್ರು ಟವೆಲ್ಲಿನಿಂದ ಹುಬ್ಬು ಒತ್ತಿಕೊಂಡು ಕೇಳುತ್ತಾ ನಿಂತರು. “ಈಗ ಮುಚ್ತು ನೋಡು. ಕಾಲು ಎತ್ಬ್ಯಾಡ. ನಾಳೆ ನಾಲ್ಕ್ ಗಂಟೆಗೆ ಬಂದ್ಬುಡು.”

ಪಾಂಡವಪುರದಲ್ಲಿ ಒಂದೂ ಏಟು ತಪ್ಪಲಿಲ್ಲ. ಊಟದ ಹೊತ್ತಿಗೆ ಯಾರೋ ಮೇಷ್ಟ್ರ ಹುಬ್ಬಿನ ಪಟ್ಟಿ ನೋಡಿ ಏನಾಯಿತೆಂದು ಕೇಳಿದರು. “ಬಾಗ್ಲು ತಗುಲ್ತು” ಎಂದರು ಅವರು. ನಾನು ಎಲೆ ಬಿಟ್ಟೆದ್ದು, ಕೈ ತೊಳೆದು, ಮೂರು ಸಲ ಪೆಡಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮುಟ್ಟಬೇಕಿದ್ದದ್ದು ಅವರ ಕಾಲನ್ನು. ನಾಚಿಕೆ ಬಿಡಲಿಲ್ಲ, ಕೊನೆಗೂ ಮುಟ್ಟಲೇ ಇಲ್ಲ.